ಶುಕ್ರವಾರದ ಕೆಲಸ

ಕನ್ನಡಿಯ ಪಕ್ಕ ಒಂದು ಸಾಕೆಟ್ಟು ಬೇಕು ಅಂದಳು ರಸಾ,
ಕೂದಲು ಒಣಗಿಸಿಕೊಳ್ಳಲು, ಅಷ್ಟೇ.
ಆಗುವುದಿಲ್ಲ ಅಂದೆ.
ಅವಳ ಲಿಥುವೇನಿಯಾದಲ್ಲಿ ಆಗುತ್ತಿತ್ತಂತೆ.
ಗ್ರಿಮ್ಸ್‌ಬಿಯಲ್ಲಿ ಆಗುವುದಿಲ್ಲ ತಾಯಿ,
ಟೇಪು ಹಿಡಿ, ತೋರಿಸುತ್ತೇನೆ:
ತೊಟ್ಟಿಯ ಹೊಟ್ಟೆ ಸೊನ್ನೆಯ ವಲಯ,
ಅದರ ಮೇಲೆ ನಿಂತವರ ಕೈ ಎಟುಕುವಷ್ಟು ಒಂದು,
ಅಂಚಿನಿಂದಾಚೆ ಎರಡಡಿ, ಎರಡು.
ಸಾಕೆಟ್ಟು ಇವೆಲ್ಲದರಿಂದ ಇನ್ನೂ ದೂರ.
ಅಷ್ಟು ದೂರ ಅಳೆಯುತ್ತಾ ಹೋದರೆ
ಈ ಸಾಲುಮನೆಯಲ್ಲಿ ಗೋಡೆ ದಾಟಿ
ಪಕ್ಕದವರ ಮಂಚದ ಮೇಲೆ ಕೂರಬೇಕಾಗುತ್ತದೆ.

ನಕ್ಕಳು. ಟೀ ತಂದಳು.
ಅವಳ ಮಗ ಒಣ ತೊಟ್ಟಿಯಲ್ಲಿ ಕೂತು
ಪ್ಲಾಸ್ಟಿಕ್ ದೋಣಿಯೊಂದನ್ನು
ಇಲ್ಲದ ನೀರಿನಲ್ಲಿ ಮುಳುಗಿಸುತ್ತಿದ್ದ.
ಮಗುವನ್ನು ಎತ್ತಿಕೊ ಅಂದೆ,
ಹಲಗೆ ಕೀಳಬೇಕು.

ಶಿಷ್ಯ ಬಾರ್ನಬಿ ಟಾರ್ಚು ಹಿಡಿದ.
ತೊಟ್ಟಿಯ ಕೆಳಗೆ
ಸತ್ತ ಜೇಡಗಳು, ಯಾರದೋ ಉಂಗುರದ ಕಲ್ಲು,
ಹಳೆಯ ಕಾಲದ ಕೆಂಪು ಕಪ್ಪು ತಂತಿಗಳು,
ಮತ್ತೆ, ಮೂಲೆಯಲ್ಲಿ,
ಹಾವಾಡಿಗ ಮರೆತು ಹೋದ ಬುಟ್ಟಿಯಿಂದೆದ್ದಂತೆ,
ಅಚ್ಚುಕಟ್ಟಾಗಿ ಸುರುಳಿ ಸುತ್ತಿದ ಹಸಿರು-ಹಳದಿ ತಂತಿ.
ಪಕ್ಕದಲ್ಲೇ ಅದನ್ನು ಕೊಳವೆಗೆ ಬಿಗಿಯುವ ಪಟ್ಟಿ.
ಪಟ್ಟಿಗೊಂದು ತಗಡಿನ ಚೀಟಿ:
ತೆಗೆಯಬೇಡಿ.
ಯಾವುದಕ್ಕೂ ಕಟ್ಟಿರಲೇ ಇಲ್ಲ, ತೆಗೆಯುವುದೇನನ್ನು?

ಯಾವ ಕಟುಕ ಮಾಡಿದ ಕೆಲಸ ಇದು
ಅಂತ ಬಾರ್ನಬಿ ಶುರುಮಾಡಿದ,
ನಾನೇ ಕಲಿಸಿದ ಬೈಗುಳ.
ಅಷ್ಟರಲ್ಲಿ ಟಾರ್ಚು ತೊಲೆಯ ಮೇಲೆ ಬಿತ್ತು.
ಸೀಸದಕಡ್ಡಿಯ ಅಕ್ಷರ:
ಆರ್. ಟಿ., ಶುಕ್ರವಾರ, ೧೧ ಮಾರ್ಚ್ ೮೩.

ಆ ‘ಟಿ’ಯ ಬಾಲ ನನಗೆ ಗೊತ್ತು.
ನನ್ನ ಶಾಲೆಯ ಅಂಕಪಟ್ಟಿಗಳ ಮೇಲೆಲ್ಲಾ
ಅದೇ ಬಾಲ.

ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಫೋನು ಹಚ್ಚಿದೆ.
ಕ್ಲೀಥೋರ್ಪ್ಸ್‌ನ ಕ್ಲಬ್ಬಿನಲ್ಲಿ ಸ್ನೂಕರ್ ನಡೆದಿತ್ತು,
ಚೆಂಡಿಗೆ ಚೆಂಡು ತಾಗುವ ಸದ್ದು.
ಪಾಚಿ ಬಣ್ಣದ ತೊಟ್ಟಿಯಾ? ಅಂದ.
ಈಗ ಬಿಳಿ.
ಆ ಮನೆಯ ಮುದುಕಿ ಟೀಗೆ ಮೂರು ಚಮಚ ಸಕ್ಕರೆ ಸುರಿಯುತ್ತಿದ್ದಳು.
ಇರಬಹುದಪ್ಪ. ಅರ್ಥ್ ಕಟ್ಟಿಲ್ಲ ನೀನು.
ಒಂದು ಚೆಂಡು ಗುಂಡಿಗೆ ಬಿತ್ತು.
ಸೋಮವಾರ ಬಂದು ಕಟ್ಟೋಣ ಅಂದುಕೊಂಡಿದ್ದೆ, ಅಂದ.
ಆಮೇಲೆ,
ಅಲ್ಲಿ ಯಾರಿಗೂ ಏನೂ...?
ಇಲ್ಲ ಅಂದೆ.
ನನಗೇನು ಗೊತ್ತು.
ನಲವತ್ತು ವರ್ಷ, ಎಷ್ಟು ಒದ್ದೆ ಕೈಗಳು.
ಎಂದೋ ಒಬ್ಬಳಿಗೆ ನಲ್ಲಿ ಮುಟ್ಟಿದಾಗ ಜುಮ್ಮೆಂದಿರಬಹುದು,
ಚಳಿಗೆ ಅಂದುಕೊಂಡಿರಬಹುದು.

ವರದಿಯ ಹಾಳೆಯಲ್ಲಿ ಖಾನೆ ಹತ್ತಾರು.
ಹಿಂದೆ ಮಾಡಿದವರು ಯಾರು ಎಂಬ ಖಾನೆ ಇಲ್ಲ.
ದೋಷ ಬರೆದೆ.

ಕೆಳಗೆ ಹೊಸ ಪೆಟ್ಟಿಗೆ ಕೂರಿಸಿದೆವು.
ಕರೆಂಟು ದಾರಿ ತಪ್ಪಿ ಮೈಗೆ ಇಳಿಯಿತೋ,
ಟಪ್ಪನೆ ಬೀಳುತ್ತದೆ.
ಮೀಟರು ಹಿಡಿದರೆ ಹದಿನೆಂಟು ಮಿಲಿಸೆಕೆಂಡು.
ರೆಪ್ಪೆ ಇನ್ನೂ ಯೋಚನೆಯಲ್ಲಿರುತ್ತದೆ,
ಮುಚ್ಚಲೋ ಬೇಡವೋ ಅಂತ.
ದೀಪಕ್ಕೆ ಸೂರಿನಿಂದ ಎಳೆಯುವ ದಾರ,
ಟವೆಲು ಕಾಯಿಸುವ ಸರಳಿಗೆ ಹೊರಗೆ ಸ್ವಿಚ್ಚು,
ಕೂದಲಿಗೆ ಮಲಗುವ ಕೋಣೆಯ ಕಿಟಕಿಯ ಬಳಿ ಸಾಕೆಟ್ಟು.
ಕನ್ನಡಿಯನ್ನೂ ಅಲ್ಲಿಗೇ ಸಾಗಿಸಿದಳು ರಸಾ,
ಸ್ವಲ್ಪ ಮುನಿಸಿಕೊಂಡೇ.

ಕೊನೆಗೆ ತೊಟ್ಟಿಯ ಕೆಳಗೆ ಅಂಗಾತ ಮಲಗಿದೆ.
ಅಪ್ಪನ ಸುರುಳಿ ಬಿಚ್ಚಿದರೆ
ತಾಮ್ರ ನೇರವಾಗಲು ಒಪ್ಪಲಿಲ್ಲ,
ಬಿಟ್ಟಾಗಲೆಲ್ಲ ಹಳೆಯ ಸುತ್ತಿಗೇ ಮರಳುತ್ತಿತ್ತು.
ಕೊಳವೆ ಉಜ್ಜಿದೆ, ಹೊಳೆಯುವ ತನಕ.
ಬಾರ್ನಬಿ ತಲೆ ತೂರಿಸಿ ಕೇಳಿದ:
ಪೆಟ್ಟಿಗೆ ಹೊಸದು, ಅಳತೆಯೆಲ್ಲ ಸರಿ,
ಈಗಿನ ಪುಸ್ತಕದ ಪ್ರಕಾರ ಇದು ಬೇಕಿಲ್ಲವಲ್ಲ?

ಬೇಕಿಲ್ಲ ಅಂದೆ.
ತಿರುಪುಳಿ ಕೊಡು.